ಶೇ. 60ರ ಶೆರಿ ಕ್ಯಾಸ್ಕ್ ಸ್ಕಾಚ್: ಕೊನೆಯ ಹದ ನಿಮ್ಮ ಕೈಯಲ್ಲಿ

ಪ್ರಶ್ನೆ: ಎಡಿನ್‌ಬರಾದಲ್ಲಿ ಕೆಲಸ ಮಾಡುವ ತಮ್ಮ ಊರಿಗೆ ಬಂದಾಗ ಅಬರ್‌ಲೌರ್ ಅಬೂನಾ ಅನ್ನೋ ಸ್ಕಾಚ್ ತಂದುಕೊಟ್ಟ. ಲಿಮಿಟೆಡ್ ರಿಲೀಸ್, ಶೆರಿ ಕ್ಯಾಸ್ಕ್, ಸುಲಭಕ್ಕೆ ಸಿಗಲ್ಲ ಅಂದ. ಲೇಬಲ್ ಮೇಲೆ ಬ್ಯಾಚ್ ನಂಬರ್ ಇದೆ, ಆಲ್ಕೋಹಾಲ್ ಶೇ. 60ರಷ್ಟು ಅಂತ ಇದೆ. ಎಷ್ಟು ವರ್ಷದ್ದು ಅಂತ ಮಾತ್ರ ಎಲ್ಲೂ ಇಲ್ಲ. ಎಂದಿನ ಹಾಗೆ 60 ಎಂಎಲ್ ಹಾಕಿ ಐಸ್, ಸೋಡಾ ಬೆರೆಸಿದೆ. ಗಂಟಲು ಉರಿಯಿತು. ಲೋಟದಲ್ಲಿ ಮಬ್ಬು ಕಟ್ಟಿತು. ಬೆಂಕಿಕಡ್ಡಿ ಗೀರಿದಂಥ ವಾಸನೆಯೂ ಬಂತು. ಇದು ಅಸಲಿಯಾ? ಇಷ್ಟು ಕಪ್ಪು ಬಣ್ಣ ಸಹಜವಾದದ್ದಾ? ಸವಿಯುವ ಸರಿಯಾದ ರೀತಿ ಯಾವುದು? ಅಥವಾ ಮುಂದೆ ಬೆಲೆ ಬರುತ್ತೆ ಅಂತ ಎತ್ತಿಡಲಾ? (ಓದುಗರು, ಹುಬ್ಬಳ್ಳಿ)

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ವಯಸ್ಸು ಬರೆಯದೇ ಇರೋದು, ಐಸ್ ಬಿದ್ದಾಗ ಮಬ್ಬಾಗೋದು, ಗಂಟಲು ಉರಿಯೋದು, ಈ ಮೂರೂ ಈ ವಿಸ್ಕಿಯಲ್ಲಿ ಇರಬೇಕಾದ್ದೇ. ನಕಲಿಯ ಗುರುತಲ್ಲ. ಬೆಂಕಿಕಡ್ಡಿ ವಾಸನೆಯದು ಬೇರೆ ಕಥೆ. ಅದನ್ನು ಆಮೇಲೆ ಹೇಳುತ್ತೇನೆ.

ಸಾಮಾನ್ಯ ವಿಸ್ಕಿಯನ್ನು ಬಾಟಲಿಗೆ ತುಂಬುವ ಮೊದಲು ಕಂಪನಿಯವರೇ ನೀರು ಬೆರೆಸಿ ಹದಕ್ಕೆ ತಂದಿರುತ್ತಾರೆ. ನೀವು ಮುಚ್ಚಳ ತೆಗೆದರೆ ಅದು ಕುಡಿಯಲು ತಯಾರು. ಅಬೂನಾ ಹಾಗಲ್ಲ. ಪೀಪಾಯಿಯಿಂದ ಇಳಿಸಿದ ಹದದಲ್ಲೇ ಬಾಟಲಿಗೆ ಬಂದಿದೆ. ಇದಕ್ಕೆ ಕ್ಯಾಸ್ಕ್ ಸ್ಟ್ರೆಂತ್ ಅಂತಾರೆ. ನೀರು ಬೆರೆಸುವ ಕೊನೆಯ ಕೆಲಸವನ್ನು ನಿಮಗೇ ಬಿಟ್ಟಿದ್ದಾರೆ. ಅದನ್ನು ನೀವು ಚಮಚ ಚಮಚವಾಗಿ, ಮೂಸುತ್ತಾ, ನಿಧಾನವಾಗಿ ಮಾಡಬೇಕು. ನೀವು ಐಸ್, ಸೋಡಾ ಸುರಿದು ಒಂದೇ ಏಟಿಗೆ ಮುಗಿಸಿಬಿಟ್ಟಿರಿ, ಅಷ್ಟೇ.

ಗಂಟಲು ಯಾಕೆ ಉರಿಯಿತು ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ನೋಡಿ. ನಮ್ಮ ದೇಶದ ಬಹುತೇಕ ವಿಸ್ಕಿ ಬಾಟಲಿ ಮೇಲೆ ಶೇ. 42.8 ಅಂತ ಇರುತ್ತೆ. ಈ ಸಂಖ್ಯೆ ಬಂದದ್ದು ಆಲ್ಕೋಹಾಲ್ ಬಲ ಅಳೆಯುವ ಬ್ರಿಟಿಷರ ಹಳೆಯ ಪ್ರೂಫ್ ಲೆಕ್ಕದಿಂದ. ಅವರ 100 ಪ್ರೂಫ್ ಅಂದರೆ ಈಗಿನ ಶೇ. 57.1. ಅದರ ಮುಕ್ಕಾಲು ಪಾಲು 42.8. ಹಳೇ ಬಾಟಲಿಗಳ ಮೇಲೆ ‘25 ಯು.ಪಿ.’ ಅಂತ ಇದ್ದದ್ದು ಇದಕ್ಕೇ. ಪ್ರೂಫ್‌ಗಿಂತ 25 ಡಿಗ್ರಿ ಕೆಳಗೆ ಅಂತ ಅರ್ಥ. ನಿಮ್ಮ ಅಬೂನಾ ಆ ಪ್ರೂಫ್ ಗೆರೆಗಿಂತಲೂ ಮೇಲಿದೆ. ನೀವು ಹಾಕಿದ 60 ಎಂಎಲ್‌ನಲ್ಲಿ 36 ಎಂಎಲ್ ಶುದ್ಧ ಆಲ್ಕೋಹಾಲ್ ಇತ್ತು. ಎಂದಿನ ವಿಸ್ಕಿಯಲ್ಲಿ ಅಷ್ಟು ಬೇಕಾದರೆ 84 ಎಂಎಲ್ ಸುರಿಯಬೇಕು. ಹತ್ತಿರ ಹತ್ತಿರ ಒಂದು ನೈಂಟಿ! ಹಾಗಾಗಿ ಈ ಬಾಟಲಿಗೆ ಒಂದು ಸಲಕ್ಕೆ 30 ಎಂಎಲ್ ಸಾಕು. ಒಂದು ಸಂಜೆಗೂ ಬಹುಪಾಲು ಅಷ್ಟೇ ಸಾಕು. ಕುಡಿದ ಮೇಲೆ ಗಾಡಿ ಮುಟ್ಟಬೇಡಿ. ‘ಒಂದೇ ಪೆಗ್ ತಾನೆ’ ಅನ್ನೋ ಲೆಕ್ಕ ಇಲ್ಲಿ ತಪ್ಪುತ್ತೆ.

ಈಗ ಇದು ಎಲ್ಲಿಯದು ಅಂತ ನೋಡೋಣ. ಸ್ಕಾಟ್ಲೆಂಡಿನ ಈಶಾನ್ಯಕ್ಕೆ ಸ್ಪೇ ಅನ್ನೋ ನದಿ ಹರಿಯುತ್ತೆ. ಅದರ ಸುತ್ತಿನ ಸೀಮೆಯೇ ಸ್ಪೇಸೈಡ್. ಸ್ಕಾಟ್ಲೆಂಡಿನ ಬೇರೆ ಯಾವ ಕಡೆಯೂ ಇಷ್ಟು ಡಿಸ್ಟಿಲರಿಗಳಿಲ್ಲ. ಲೌರ್ ಅನ್ನೋ ಸಣ್ಣ ಹಳ್ಳ ಸ್ಪೇ ನದಿಗೆ ಸೇರುವ ಕಡೆ ಅಬರ್‌ಲೌರ್ ಊರಿದೆ. ‘ಅಬರ್’ ಅಂದರೆ ಹೊಳೆ ಬಂದು ಸೇರುವ ಬಾಯಿ. ಜೇಮ್ಸ್ ಫ್ಲೆಮಿಂಗ್ ಎಂಬುವರು 1879ರಲ್ಲಿ ಈಗಿನ ಡಿಸ್ಟಿಲರಿ ಕಟ್ಟಿಸಿದರು. ‘ಅಬೂನಾ’ ಗೇಲಿಕ್ ಮಾತು, ಮೂಲ ಅಂತ ಅರ್ಥ. 1975ರಲ್ಲಿ ಡಿಸ್ಟಿಲರಿಯ ಗೋಡೆಯೊಳಗೆ 1898ರ ಒಂದು ಬಾಟಲಿ ಸಿಕ್ಕಿತು, ಆ ಹಳೆಯ ರುಚಿಯನ್ನು ಮತ್ತೆ ತರಲು ಹೊರಟು ಅಬೂನಾ ಹುಟ್ಟಿತು ಅಂತ ಕಂಪನಿ ಕಥೆ ಹೇಳುತ್ತೆ. ಕಥೆ ಏನೇ ಇರಲಿ, 1990ರ ದಶಕದ ಕೊನೆಯಿಂದ ಇದು ಬ್ಯಾಚ್ ಬ್ಯಾಚಾಗಿ ಬರುತ್ತಿದೆ. ಬ್ಯಾಚಿನಿಂದ ಬ್ಯಾಚಿಗೆ ಬಲ ಸ್ವಲ್ಪ ಬೇರೆ, ರುಚಿಯೂ ಸ್ವಲ್ಪ ಬೇರೆ. ಲಿಮಿಟೆಡ್ ರಿಲೀಸ್ ಅಂದರೆ ಇಲ್ಲಿ ಇಷ್ಟೇ: ನಿಮ್ಮ ನಂಬರಿನ ಬ್ಯಾಚ್ ಮುಗಿದರೆ ಮುಗಿಯಿತು, ಆದರೆ ಮುಂದಿನ ನಂಬರ್ ಬರುತ್ತೆ.

ಶೆರಿ ವಿಷಯಕ್ಕೆ ಬರೋಣ. ಶೆರಿ ಒಂದು ಬಗೆಯ ವೈನ್, ಅದನ್ನು ಇಟ್ಟಿದ್ದ ಪೀಪಾಯಿಯೇ ಶೆರಿ ಕ್ಯಾಸ್ಕ್. ಇದು ಗೊತ್ತಾಗದಿದ್ದರೆ ಲೋಟದಲ್ಲಿ ಏನು ಹುಡುಕಬೇಕು ಅಂತಲೇ ತಿಳಿಯಲ್ಲ.

ಸ್ಪೇನ್ ದೇಶದ ದಕ್ಷಿಣ ತುದಿಯಲ್ಲಿ ಹೆರೆಸ್ ಅನ್ನೋ ಊರಿದೆ. ಆ ಊರಿನ ಹೆಸರೇ ಇಂಗ್ಲಿಷರ ಬಾಯಲ್ಲಿ ಶೆರಿ ಆಯಿತು. ಪಾಲೊಮಿನೊ ಅನ್ನೋ ಬಿಳಿ ದ್ರಾಕ್ಷಿಯ ವೈನ್‌ಗೆ ದ್ರಾಕ್ಷಿಯದೇ ಸ್ಪಿರಿಟ್ ಸೇರಿಸಿ ಬಲ ಕೊಟ್ಟು, ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಫಿನೊ ಅನ್ನೋ ತೆಳು ಶೆರಿಯ ಮೇಲೆ ಮೊಸರಿನ ಕೆನೆಯ ಹಾಗೆ ಯೀಸ್ಟ್ ಪದರ ಕಟ್ಟುತ್ತೆ. ಅದು ವೈನ್‌ಗೆ ಗಾಳಿ ತಾಗಲು ಬಿಡಲ್ಲ. ಒಲೊರೊಸೊ ಅನ್ನೋ ಇನ್ನೊಂದು ಬಗೆಗೆ ಜಾಸ್ತಿ ಬಲ ಕೊಡುತ್ತಾರೆ, ಶೇ. 17ಕ್ಕೂ ಮೇಲೆ. ಅಷ್ಟು ಬಲದಲ್ಲಿ ಆ ಯೀಸ್ಟ್ ಬದುಕಲ್ಲ. ಗಾಳಿ ನೇರವಾಗಿ ತಾಗಿ ವೈನ್ ಕಂದಾಗುತ್ತೆ, ಅಕ್ರೋಟ್, ಒಣಹಣ್ಣು, ಹಳೇ ಮರದ ವಾಸನೆ ಬರುತ್ತೆ. ಅಬೂನಾ ಬೆಳೆಯುವುದು ಒಲೊರೊಸೊ ಪೀಪಾಯಿಯಲ್ಲಿ. ಶೆರಿ ಅಂದರೆ ಸಿಹಿ ವೈನ್ ಅಂತ ತುಂಬಾ ಜನ ತಿಳಿದಿದ್ದಾರೆ. ಒಲೊರೊಸೊ ಸಹಜವಾಗಿ ಸಿಹಿಯಲ್ಲ. ನಾನು ಮೊದಲ ಸಲ ಬಾಯಿಗಿಟ್ಟಾಗ ಬೆಲ್ಲದ ರುಚಿ ಬರುತ್ತೆ ಅಂತ ಕಾಯುತ್ತಿದ್ದೆ. ಬಂದದ್ದು ಒಣ ಖಾರ, ಉಪ್ಪುಪ್ಪಾದ ಕಾಯಿಬೀಜದ ರುಚಿ. ಸಿಹಿ ಶೆರಿ ಬೇರೆ ಇದೆ, ಪೆದ್ರೊ ಹಿಮೆನೆಸ್ ಅಂತ. ದ್ರಾಕ್ಷಿಯನ್ನು ಬಿಸಿಲಿಗೆ ಹರವಿ ಒಣಗಿಸಿ ಹಿಂಡುತ್ತಾರೆ. ಅದು ಜೋನಿ ಬೆಲ್ಲದಷ್ಟು ಮಂದ, ಕಪ್ಪು.

ಒಂದು ಕಾಲದಲ್ಲಿ ಶೆರಿ ಪೀಪಾಯಿಗಳಲ್ಲೇ ಬ್ರಿಟನ್‌ಗೆ ಹೋಗುತ್ತಿತ್ತು. ಖಾಲಿಯಾದ ಪೀಪಾಯಿಗಳು ಅಲ್ಲೇ ಬಿದ್ದಿರುತ್ತಿದ್ದವು, ವಿಸ್ಕಿ ಮಾಡುವವರು ಕೊಂಡುಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಶೆರಿಯನ್ನು ಸ್ಪೇನ್‌ನಲ್ಲೇ ಬಾಟಲಿಗೆ ತುಂಬಬೇಕು ಅಂತಾಯಿತು. ಪೀಪಾಯಿ ಬರೋದು ನಿಂತಿತು. ಅಲ್ಲಿಂದ ಈ ಕಡೆ ವಿಸ್ಕಿಗೆ ಅಂತಲೇ ಹೊಸ ಪೀಪಾಯಿ ಮಾಡಿಸಿ, ಒಂದೆರಡು ವರ್ಷ ಶೆರಿ ತುಂಬಿಸಿಟ್ಟು ಪಳಗಿಸಿ, ಆಮೇಲೆ ಸ್ಕಾಟ್ಲೆಂಡಿಗೆ ಕಳಿಸುತ್ತಾರೆ. ಹೀಗೆ ಪಳಗಿಸಲು ಬಳಸಿದ ಶೆರಿಯನ್ನು ಸಾಮಾನ್ಯವಾಗಿ ಕುಡಿಯಲು ಮಾರಲ್ಲ, ಬ್ರಾಂಡಿಗೋ ವಿನಿಗರ್‌ಗೋ ಹೋಗುತ್ತೆ. ಅಂದರೆ ವಿಸ್ಕಿಗಾಗಿಯೇ ಇಷ್ಟೆಲ್ಲ ನಡೆಯುತ್ತೆ. ಅಮೆರಿಕದ ಬರ್ಬನ್ ವಿಸ್ಕಿಯ ಪೀಪಾಯಿ ಹಾಗಲ್ಲ. ಅಲ್ಲಿ ಬರ್ಬನ್‌ಗೆ ಪ್ರತಿ ಸಲ ಒಳಗೆ ಸುಟ್ಟ ಹೊಸ ಓಕ್ ಮರದ ಪೀಪಾಯಿಯೇ ಬೇಕು ಅಂತ ಕಾನೂನಿದೆ, ಹಾಗಾಗಿ ಒಂದು ಸಲ ಬಳಸಿದ್ದು ರಾಶಿ ರಾಶಿ ಸಿಗುತ್ತೆ. ಬರ್ಬನ್ ಪೀಪಾಯಿ ಸುಮಾರು 200 ಲೀಟರಿನದು, ಬಟ್ ಅನ್ನೋ ಶೆರಿ ಪೀಪಾಯಿ ಸುಮಾರು 500 ಲೀಟರಿನದು. ಬಟ್ ಅದಕ್ಕಿಂತ ಎಷ್ಟೋ ಪಟ್ಟು ದುಬಾರಿ. ಶೆರಿ ಕ್ಯಾಸ್ಕ್ ವಿಸ್ಕಿಯ ಬೆಲೆಗೆ ಇದೊಂದು ನಿಜವಾದ ಕಾರಣ.

ಪೀಪಾಯಿ ರುಚಿ ಕೊಡೋದು ಹೇಗೆ? ನಮ್ಮ ಮನೆಯ ಉಪ್ಪಿನಕಾಯಿ ಜಾಡಿಯನ್ನು ನೆನೆಸಿಕೊಳ್ಳಿ. ತೊಳೆದು ಒಣಗಿಸಿಟ್ಟರೂ ಮುಚ್ಚಳ ತೆಗೆದರೆ ಇಂಗು, ಮೆಂತ್ಯ ಮೂಗಿಗೆ ಬರುತ್ತೆ ಅಲ್ವಾ? ಪಿಂಗಾಣಿಯೇ ಅಷ್ಟು ವಾಸನೆ ಹಿಡಿದಿಟ್ಟುಕೊಂಡರೆ, ಮರ ಎಷ್ಟು ಹೀರಿರಬೇಡ! ಓಕ್ ಹಲಗೆಯೊಳಗೆ ಲೀಟರುಗಟ್ಟಲೆ ಶೆರಿ ಇಂಗಿರುತ್ತೆ. ಆದರೆ ಬರೀ ಶೆರಿಯಿಂದಲೇ ಈ ರುಚಿ ಬರಲ್ಲ. ಮರದ್ದೂ ದೊಡ್ಡ ಪಾಲಿದೆ. ಯುರೋಪಿನ ಓಕ್‌ನಲ್ಲಿ ಟ್ಯಾನಿನ್ ಅನ್ನೋ ಒಗರಿನ ಅಂಶ ಜಾಸ್ತಿ. ಆ ಮರ ಲವಂಗ, ದಾಲ್ಚಿನ್ನಿ, ಕಡು ಬಣ್ಣ, ಸ್ವಲ್ಪ ಒಗರು ಕೊಡುತ್ತೆ. ಅಮೆರಿಕದ ಓಕ್ ವೆನಿಲಾ, ಕೊಬ್ಬರಿಯ ಕಡೆ ವಾಲುತ್ತೆ. ಇನ್ನು ‘ಫಸ್ಟ್ ಫಿಲ್’ ಅನ್ನೋ ಮಾತು. ಫಿಲ್ಟರ್ ಕಾಫಿಯ ಮೊದಲ ಡಿಕಾಕ್ಷನ್, ಎರಡನೇ ಡಿಕಾಕ್ಷನ್ ಇದ್ದ ಹಾಗೆ. ಶೆರಿ ಇಳಿಸಿದ ಮೇಲೆ ಮೊದಲ ಸಲ ವಿಸ್ಕಿ ತುಂಬಿದರೆ ಅದು ಫಸ್ಟ್ ಫಿಲ್. ಅಬೂನಾಗೆ ಇಂಥ ಪೀಪಾಯಿಗಳನ್ನೇ ಬಳಸುತ್ತಾರೆ. ಅದಕ್ಕೇ ಅಷ್ಟು ಗಟ್ಟಿ.

ಬಣ್ಣದ ಬಗ್ಗೆ ಕೇಳಿದ್ದೀರಿ. ಸ್ಕಾಚ್ ಕಾನೂನು ಪ್ರಕಾರ ವಿಸ್ಕಿಗೆ ನೀರು ಮತ್ತು ಸಾದಾ ಕ್ಯಾರಮೆಲ್ ಬಣ್ಣ, ಇವೆರಡನ್ನು ಬಿಟ್ಟು ಬೇರೇನೂ ಸೇರಿಸುವಂತಿಲ್ಲ. ಫಸ್ಟ್ ಫಿಲ್ ಶೆರಿ ಬಟ್‌ನಿಂದ ಕಡು ಕಂದು ಬರೋದು ಸಹಜ. ಆದರೆ ಯಾವುದೇ ವಿಸ್ಕಿಯ ಬಣ್ಣ ನೋಡಿ ಗುಣ ಅಳೆಯಬೇಡಿ. ಲೇಬಲ್ ಮೇಲೆ ‘ನ್ಯಾಚುರಲ್ ಕಲರ್’ ಅಂತ ಬರೆದಿದ್ದರೆ ಮಾತ್ರ ಬಣ್ಣವನ್ನು ನಂಬಿ. ಜರ್ಮನಿಯಲ್ಲಿ ಮಾರುವ ಬಾಟಲಿಗಳಲ್ಲಿ ಬಣ್ಣ ಹಾಕಿದ್ದರೆ ಹಾಗಂತ ಬರೆಯಲೇಬೇಕು. ಆ ನಿಯಮ ಎಲ್ಲ ಕಡೆ ಬರಬೇಕು ಅಂತ ನನಗೆ ತುಂಬಾ ಆಸೆ.

ವಯಸ್ಸಿನ ಮಾತೂ ಇಲ್ಲೇ ಮುಗಿಸುತ್ತೇನೆ. ಸ್ಕಾಚ್ ಅನ್ನಿಸಿಕೊಳ್ಳಬೇಕಾದರೆ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಸ್ಕಾಟ್ಲೆಂಡಿನಲ್ಲೇ ಇರಬೇಕು. ಬಾಟಲಿ ಮೇಲೆ ವಯಸ್ಸು ಬರೆಯೋದಾದರೆ ಒಳಗಿರುವ ಅತಿ ಎಳೆಯ ವಿಸ್ಕಿಯದ್ದೇ ಬರೆಯಬೇಕು. ಹಳೆಯ ಪೀಪಾಯಿಗಳ ಜೊತೆ ಒಂದು ಎಳೆಯ ಪೀಪಾಯಿ ಸೇರಿಸಿದರೂ ಆ ಸಣ್ಣ ಸಂಖ್ಯೆಯೇ ಲೇಬಲ್‌ಗೆ ಬರುತ್ತೆ. ಬೇರೆ ಬೇರೆ ವಯಸ್ಸಿನ ಪೀಪಾಯಿ ಬೆರೆಸುವವರು ಅದಕ್ಕೇ ಸಂಖ್ಯೆಯನ್ನು ಬಿಟ್ಟುಬಿಡುತ್ತಾರೆ. ಅಬೂನಾದಲ್ಲಿ ಎಳೆತನ ಇದೆ, ನನ್ನ ನಾಲಿಗೆಗೆ ಅದು ಗೊತ್ತಾಗುತ್ತೆ. ಆ ಚುರುಕು ನನಗೆ ಇಷ್ಟ.

ಈಗ ಸವಿಯುವ ರೀತಿ. ನಿಮ್ಮ ಪತ್ರ ಬಂದ ಮೇಲೆ ಒಂದು ಸಂಜೆ ನನ್ನ ಹತ್ತಿರ ಇದ್ದ ಬ್ಯಾಚ್ ತೆಗೆದು ಕೂತೆ. ನಾನು ಮಾಡಿದ್ದನ್ನೇ ಹೇಳುತ್ತೇನೆ.

ಲೋಟ ಮುಖ್ಯ. ದಪ್ಪ ಗಾಜಿನ ಅಗಲ ಲೋಟದಲ್ಲಿ ವಾಸನೆ ನಿಲ್ಲಲ್ಲ. ಹೊಟ್ಟೆ ಉಬ್ಬಿ ಬಾಯಿ ಕಿರಿದಾಗಿರುವ ಲೋಟ ಬೇಕು. ಗ್ಲೆನ್‌ಕೆರ್ನ್ ಅಂತ ಸಿಗುತ್ತೆ, ಅದೇ ಒಳ್ಳೆಯದು. ಅದಕ್ಕೂ ಹಿಂದಿನಿಂದ ವಿಸ್ಕಿ ಬೆರೆಸುವವರು ಬಳಸುತ್ತಿದ್ದದ್ದು ಕೊಪಿತಾ. ಅದು ಸ್ಪೇನ್‌ನಲ್ಲಿ ಶೆರಿ ಕುಡಿಯುವ ಲೋಟ. ಪೀಪಾಯಿ ಬಂದ ಊರಿನಿಂದಲೇ ಲೋಟವೂ ಬಂದಿದೆ ನೋಡಿ. ಎರಡೂ ಸಿಗದಿದ್ದರೆ ಸಣ್ಣ ವೈನ್ ಲೋಟ ಸಾಕು. ಸೋಪಿನ ವಾಸನೆ ಹೋಗುವ ತನಕ ಬಿಸಿನೀರಲ್ಲಿ ತೊಳೆದು, ಗಾಳಿಗೆ ಒಣಗಿಸಿ.

ಹೊಟ್ಟೆಗೆ ಏನಾದರೂ ಬಿದ್ದಿರಲಿ, ಆದರೆ ಖಾರದ ಊಟ ಆದ ತಕ್ಷಣ ಬೇಡ. ಮೆಣಸಿನಕಾಯಿ ಉರಿಯ ಮೇಲೆ ಶೇ. 60ರ ಆಲ್ಕೋಹಾಲ್ ಬಿದ್ದರೆ ನಾಲಿಗೆಗೆ ಬೇರೇನೂ ತಿಳಿಯಲ್ಲ. ಅಗರಬತ್ತಿ ಹಚ್ಚಿದ ಕೋಣೆಯೂ ಬೇಡ.

ಹವೆಯ ಮಾತು ಸ್ಕಾಟ್ಲೆಂಡಿನವರು ಹೇಳಲ್ಲ, ಅವರಿಗೆ ಬೇಕಾಗಿಲ್ಲ. ‘ರೂಮ್ ಟೆಂಪರೇಚರ್’ ಅಂದರೆ ಅವರಿಗೆ 18 ಡಿಗ್ರಿ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ 35 ಡಿಗ್ರಿ. ಅಷ್ಟು ಸೆಕೆಯಲ್ಲಿ ಆಲ್ಕೋಹಾಲ್ ಆವಿಯಾಗಿ ನೇರ ಮೂಗಿಗೆ ಹೊಡೆಯುತ್ತೆ, ಹಣ್ಣಿನ ವಾಸನೆ ಅದರ ಹಿಂದೆ ಮುಚ್ಚಿಹೋಗುತ್ತೆ. ಬೇಸಿಗೆಯಲ್ಲಿ ಬಾಟಲಿಯನ್ನು ಒಂದು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಮುಟ್ಟಿದರೆ ಸ್ವಲ್ಪ ತಣ್ಣಗಿದೆ ಅನ್ನಿಸಬೇಕು, ಅಷ್ಟೇ. ಮಂಜುಗಟ್ಟುವಷ್ಟು ತಣ್ಣಗಾದರೆ ವಾಸನೆ ಏಳುವುದೇ ಇಲ್ಲ. ಐಸ್ ಬೇಡ ಅನ್ನೋದೂ ಅದಕ್ಕೇ.

30 ಎಂಎಲ್ ಸುರಿದು ಸುಮ್ನೆ ಹತ್ತು ನಿಮಿಷ ಬಿಡಿ. ಆಮೇಲೆ ಲೋಟವನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು ಮೂಸಿ. ಮೂಗನ್ನು ಲೋಟದೊಳಗೆ ತೂರಿಸಬೇಡಿ, ಶೇ. 60ರ ಆವಿಗೆ ಮೂಗು ಮರಗಟ್ಟುತ್ತೆ. ನೀರು ಹಾಕುವ ಮೊದಲು ನನಗೆ ಬಂದದ್ದು ಕಡು ಕಾಫಿ ಡಿಕಾಕ್ಷನ್, ಕಿತ್ತಳೆ ಸಿಪ್ಪೆ, ಪಾಲಿಶ್ ಮಾಡಿದ ಹಳೇ ಬೀರುವಿನ ಬಾಗಿಲು. ಹಣ್ಣು ಎಲ್ಲೋ ದೂರದಲ್ಲಿತ್ತು. ಒಂದೇ ಒಂದು ಹನಿಯಷ್ಟು ನಾಲಿಗೆ ಮೇಲೆ ಇಟ್ಟುಕೊಂಡೆ. ಉರಿ, ಶುಂಠಿ, ಸುಟ್ಟ ಸಕ್ಕರೆ. ಈ ಹಂತದಲ್ಲಿ ಜಾಸ್ತಿ ಕುಡಿಯಬೇಡಿ. ಇದು ಬರೀ ಪರಿಚಯ.

ಆಮೇಲೆ ಅರ್ಧ ಟೀ ಚಮಚ ನೀರು. ಸೋಡಾ ಅಲ್ಲ, ನೀರು. ಬೋರ್‌ವೆಲ್ ಗಡಸು ನೀರೂ ಬೇಡ, ಕ್ಲೋರಿನ್ ವಾಸನೆಯ ನಲ್ಲಿ ನೀರೂ ಬೇಡ. ಕುಡಿಯುವ ಸಾದಾ ನೀರು. ಬಲ ಶೇ. 55ರ ಹತ್ತಿರ ಇಳಿಯುತ್ತೆ. ಎರಡು ನಿಮಿಷ ಬಿಟ್ಟು ಮೂಸಿದೆ. ಮನೆಯಲ್ಲಿ ಪಾಯಸಕ್ಕೆ ಒಗ್ಗರಣೆ ಹಾಕುವಾಗ, ತುಪ್ಪದಲ್ಲಿ ಒಣದ್ರಾಕ್ಷಿ ಗುಂಡಗೆ ಉಬ್ಬಿ ಬರುತ್ತಲ್ಲ, ಆ ಕ್ಷಣದ ವಾಸನೆ ಇರುತ್ತೆ ನೋಡಿ, ಅದೇ. ಹಿಂದೆಯೇ ಖರ್ಜೂರ, ಅಂಜೂರ, ಲವಂಗ. ಇನ್ನೂ ಅರ್ಧ ಚಮಚ ಹಾಕಿದೆ. ಈಗ ಒಟ್ಟು 5 ಎಂಎಲ್ ನೀರು, ಬಲ ಶೇ. 51. ನನ್ನ ಪ್ರಕಾರ ಅಬೂನಾ ಅರಳೋದು ಇಲ್ಲಿ. ಕಿತ್ತಳೆ ಸಿಪ್ಪೆ ಕಿತ್ತಳೆ ಹಣ್ಣಾಯಿತು. ಮಧ್ಯದಿಂದ ಮಾಗಿದ ಸೇಬಿನ ವಾಸನೆ ಎದ್ದಿತು. ಇದು ಪೀಪಾಯಿಯದ್ದಲ್ಲ, ಅಬರ್‌ಲೌರ್ ಸ್ಪಿರಿಟ್‌ನದ್ದೇ ಗುಣ. ಪೀಪಾಯಿಯ ಅಬ್ಬರದ ಕೆಳಗೆ ಅದು ಕಾಣಿಸಿತಲ್ಲ ಅಂತ ನನಗೆ ಎಷ್ಟು ಖುಷಿಯಾಯಿತು! ಒಂದು ಗುಟುಕು ಬಾಯಲ್ಲಿ ಹತ್ತು ಸೆಕೆಂಡ್ ಇಟ್ಟುಕೊಂಡು, ಅಂಚಿನಿಂದ ಅಂಚಿಗೆ ಆಡಿಸಿ ನುಂಗಿದೆ. ಮೊದಲು ದ್ರಾಕ್ಷಿ, ಜೋನಿ ಬೆಲ್ಲ. ಆಮೇಲೆ ಜಾಯಿಕಾಯಿ, ಕಾಳುಮೆಣಸು. ನುಂಗಿದ ಮೇಲೆ ಒಂದು ಒಗರು, ಅಡಿಕೆ ಅಗಿದ ಮೇಲೆ ಕೆನ್ನೆಯ ಒಳಗೆ ಹಿಡಿಯುತ್ತಲ್ಲ ಹಾಗೆ. ಅದು ಯುರೋಪಿನ ಓಕ್‌ನ ಟ್ಯಾನಿನ್. ಎರಡು ಚಮಚ ನೀರಾದಾಗ, ಶೇ. 45ರಲ್ಲಿ, ರುಚಿ ಮೆತ್ತಗಾಯಿತು, ಮಸಾಲೆ ಹಿಂದೆ ಸರಿಯಿತು. ಕೆಲವರಿಗೆ ಇದೇ ಹಿಡಿಸುತ್ತೆ. ನನಗೆ ಸ್ವಲ್ಪ ನೀರಾಯಿತು ಅನ್ನಿಸಿತು.

ನೀರು ಹಾಕಿದರೆ ವಾಸನೆ ಕಡಿಮೆಯಾಗಬೇಕು, ಏಳೋದು ಹೇಗೆ? ಸ್ವೀಡನ್‌ನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ನೋಡಿದರು. ಗ್ವಾಯಕಾಲ್ ಅನ್ನೋ ವಾಸನೆಯ ಅಣುವನ್ನು ಹಿಂಬಾಲಿಸಿದರು. ಶೇ. 45ರ ತನಕ ಅದು ದ್ರವದ ಮೇಲ್ಮೈಯಲ್ಲಿ ಇರುತ್ತೆ. ಶೇ. 59 ದಾಟಿದರೆ ಆಲ್ಕೋಹಾಲ್ ಅಣುಗಳು ಅದನ್ನು ಸುತ್ತುವರಿದು ಒಳಗೆ ಎಳೆದುಕೊಳ್ಳುತ್ತವೆ. ನಿಮ್ಮ ಬಾಟಲಿಯ ಬಲ ಸರಿಯಾಗಿ ಅಲ್ಲೇ ಇದೆ. ನೀರು ಬಿದ್ದಾಗ ಒಳಗೆ ಅಡಗಿದ್ದದ್ದು ಮೇಲೆ ಬರುತ್ತೆ.

ನಿಮ್ಮ ಲೋಟ ಮಬ್ಬಾದದ್ದು ಕೂಡ ನೀರಿನ ಆಟವೇ. ವಿಸ್ಕಿಯಲ್ಲಿ ಕೊಬ್ಬಿನ ಆಮ್ಲಗಳಿಂದ ಹುಟ್ಟಿದ ಎಸ್ಟರ್ ಅನ್ನೋ ವಸ್ತುಗಳಿರುತ್ತವೆ. ಜಾಸ್ತಿ ಆಲ್ಕೋಹಾಲ್‌ನಲ್ಲಿ ಕರಗಿರುತ್ತವೆ, ಬಲ ಇಳಿದು ತಣ್ಣಗಾದರೆ ಬೇರೆಯಾಗಿ ಮೋಡ ಕಟ್ಟುತ್ತವೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗಾಗುತ್ತಲ್ಲ, ಹೆಚ್ಚುಕಡಿಮೆ ಹಾಗೆ. ಬಹಳ ಕಂಪನಿಗಳು ವಿಸ್ಕಿಯನ್ನು ಮೊದಲೇ ತಣ್ಣಗೆ ಮಾಡಿ ಸೋಸಿ ಇದನ್ನು ತೆಗೆದುಬಿಡುತ್ತವೆ, ಚಿಲ್ ಫಿಲ್ಟರ್ ಅಂತ. ಅಬೂನಾವನ್ನು ಹಾಗೆ ಸೋಸಿಲ್ಲ. ಬಾಯಲ್ಲಿ ಅದು ಎಣ್ಣೆಯ ಹಾಗೆ ಮಂದವಾಗಿ ಹರಡೋದರಲ್ಲಿ ಇದರದ್ದೂ ಪಾಲಿದೆ. ಮಬ್ಬು ಒಳ್ಳೆಯದೇ.

ಇನ್ನು ಬೆಂಕಿಕಡ್ಡಿ ವಾಸನೆ. ಅದು ಗಂಧಕ. ಖಾಲಿ ಪೀಪಾಯಿ ಬೂಸ್ಟು ಹಿಡಿಯಬಾರದು ಅಂತ ಒಳಗೆ ಗಂಧಕದ ಬತ್ತಿ ಉರಿಸುವ ಹಳೆಯ ಪದ್ಧತಿ ಇದೆ. ಅದರ ವಾಸನೆ ಮರಕ್ಕೆ ಹತ್ತಿ ವಿಸ್ಕಿಗೆ ಇಳಿಯುತ್ತೆ. ಸ್ಪಿರಿಟ್‌ನಲ್ಲೂ ಸ್ವಲ್ಪ ಗಂಧಕದ ಅಂಶ ಹುಟ್ಟಿನಿಂದಲೇ ಇರುತ್ತೆ. ವಿಸ್ಕಿ ಭಟ್ಟಿ ತಾಮ್ರದ್ದೇ ಯಾಕಿರಬೇಕು ಅಂದರೆ, ತಾಮ್ರ ಇದನ್ನು ಹೀರಿ ಕಡಿಮೆ ಮಾಡುತ್ತೆ. ಶೆರಿ ಕ್ಯಾಸ್ಕ್ ವಿಸ್ಕಿಯಲ್ಲಿ ಇದು ಹಳೆಯ ಜಗಳ. ಒಬ್ಬರ ಮೂಗಿಗೆ ಹೊಡೆಯುವಂತೆ ಬರೋದು ಇನ್ನೊಬ್ಬರಿಗೆ ಗೊತ್ತೇ ಆಗಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಮೂಗು ಬೇರೆ ಬೇರೆ. ಬಹಳ ಹಿಂದೆ ನಾನೇ ಒಂದು ದುಬಾರಿ ಶೆರಿ ಕ್ಯಾಸ್ಕ್ ಬಾಟಲಿ ಕೊಂಡಿದ್ದೆ. ಮುಚ್ಚಳ ತೆಗೆದರೆ ಕಪ್ಪು ಉಪ್ಪಿನ ಡಬ್ಬಿ ತೆರೆದ ಹಾಗೆ, ಜೊತೆಗೆ ಸುಟ್ಟ ರಬ್ಬರು. ಮೂರು ತಿಂಗಳು ಬಿಟ್ಟು ನೋಡಿದೆ, ಹೋಗಲಿಲ್ಲ. ತುಂಬಾ ಬೇಜಾರಾಗಿತ್ತು. ನಿಮ್ಮದು ಅಷ್ಟು ಕೆಟ್ಟದ್ದಿರಲಾರದು. ದೀಪಾವಳಿ ಮಾರನೇ ದಿನ ಬೀದಿಯಲ್ಲಿ ಉಳಿದಿರುವ ಪಟಾಕಿ ವಾಸನೆಯಷ್ಟು ತೆಳುವಾಗಿದ್ದರೆ, ಹತ್ತು ಹದಿನೈದು ನಿಮಿಷ ಗಾಳಿಗೆ ಬಿಟ್ಟಾಗ ಬಹಳ ಸಲ ಇಳಿಯುತ್ತೆ. ಹೊಸದಾಗಿ ತೆಗೆದ ಬಾಟಲಿಯ ಮೊದಲ ಪೆಗ್ ಮುದುಡಿದ ಹಾಗಿರುತ್ತೆ, ಎರಡು ಮೂರು ವಾರದ ಮೇಲೆ ಬಿಚ್ಚಿಕೊಳ್ಳುತ್ತೆ ಅನ್ನೋದು ನನ್ನ ಅನುಭವ. ಆದ್ದರಿಂದ ಒಂದೇ ಸಲಕ್ಕೆ ತೀರ್ಪು ಕೊಡಬೇಡಿ.

ಜೊತೆಗೆ ತಿನ್ನಲು ಏನು ಅಂತ ನೀವು ಕೇಳಲಿಲ್ಲ, ಆದರೂ ಹೇಳಬೇಕು ಅನ್ನಿಸುತ್ತಿದೆ. ಹುಬ್ಬಳ್ಳಿಯಲ್ಲಿದ್ದೀರಿ, ಪಕ್ಕದಲ್ಲೇ ಧಾರವಾಡ. ಒಂದು ಪೇಡಾ ತನ್ನಿ. ಹಾಲನ್ನು ಕಂದಾಗುವ ತನಕ ಹುರಿದ ಆ ರುಚಿ ಒಲೊರೊಸೊದ ಅಕ್ರೋಟ್, ಸುಟ್ಟ ಸಕ್ಕರೆಯ ಜೊತೆ ಎಷ್ಟು ಚೆನ್ನಾಗಿ ಕೂಡುತ್ತೆ ಅಂದರೆ, ನಾನು ಇನ್ನು ಬೇರೆ ಹುಡುಕಲ್ಲ. ಒಂದು ಚೂರು ಮುರಿದು ಬಾಯಿಗೆ ಹಾಕಿ, ಕರಗಿದ ಮೇಲೆ ಗುಟುಕು. ಖಾರ ಕಡಲೆ ದೂರ ಇರಲಿ.

ಎತ್ತಿಡುವ ಮಾತು. ಬಾಟಲಿಯೊಳಗೆ ವಿಸ್ಕಿಗೆ ವಯಸ್ಸಾಗಲ್ಲ, ಪೀಪಾಯಿಯಲ್ಲಿ ಮಾತ್ರ. ಹತ್ತು ವರ್ಷ ಬಿಟ್ಟು ತೆಗೆದರೂ ಇದೇ ವಿಸ್ಕಿ. ಹೊಸ ಬ್ಯಾಚ್ ಬರುತ್ತಲೇ ಇರುವುದರಿಂದ ಇದನ್ನು ಚಿನ್ನದ ಹಾಗೆ ಕೂಡಿಡೋದಕ್ಕೆ ಅರ್ಥವಿಲ್ಲ. ಮೇಲಾಗಿ ನೀವು ಆಗಲೇ ತೆಗೆದಿದ್ದೀರಿ, ತೆಗೆದ ಬಾಟಲಿಗೆ ಮಾರುವ ಬೆಲೆ ಇಲ್ಲ. ಕುಡಿಯಿರಿ. ಬಿಸಿಲು ಬೀಳದ ಕಡೆ ನಿಲ್ಲಿಸಿಡಿ, ಮಲಗಿಸಬೇಡಿ. ಇಷ್ಟು ಬಲದ ಆಲ್ಕೋಹಾಲ್ ಸದಾ ತಾಗುತ್ತಿದ್ದರೆ ಕಾರ್ಕ್ ಪುಡಿಯಾಗುತ್ತೆ. ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿದಾಗ ಸಣ್ಣ ಗಾಜಿನ ಬಾಟಲಿಗೆ ತುಂಬಿ, ಇಲ್ಲದಿದ್ದರೆ ಒಳಗಿನ ಗಾಳಿಗೆ ರುಚಿ ಸಪ್ಪೆಯಾಗುತ್ತಾ ಹೋಗುತ್ತೆ.

ತಮ್ಮ ಮುಂದಿನ ಸಲ ಬರುವಾಗ ಬೇರೆ ಏನು ಹೇಳಲಿ ಅಂತೀರಾ? ವಿದೇಶದಿಂದ ಬರುವವರು ಒಬ್ಬರಿಗೆ 2 ಲೀಟರ್ ತನಕ ಸುಂಕವಿಲ್ಲದೆ ತರಬಹುದು. ಗ್ಲೆನ್‌ಫಾರ್ಕ್ಲಾಸ್ 105 ಹೇಳಿ. ಅದೂ ಸ್ಪೇಸೈಡ್‌ನದೇ, ಗ್ರಾಂಟ್ ಮನೆತನ 1865ರಿಂದ ನಡೆಸಿಕೊಂಡು ಬಂದ ಡಿಸ್ಟಿಲರಿ. 105 ಅಂದರೆ ಹಳೇ ಪ್ರೂಫ್ ಲೆಕ್ಕ, ಈಗಿನ ಶೇ. 60. ಎರಡನ್ನೂ ಒಂದೇ ಹದಕ್ಕೆ ನೀರು ಹಾಕಿ ಅಕ್ಕಪಕ್ಕ ಇಟ್ಟರೆ, ಒಂದೇ ಬಲ, ಒಂದೇ ಶೆರಿ, ಆದರೆ ಸ್ಪಿರಿಟ್ ಬೇರೆ ಅನ್ನೋದು ತಾನಾಗಿ ತಿಳಿಯುತ್ತೆ.

ಇಲ್ಲೇ ಬೆಂಗಳೂರಿನ ಅಮೃತ್ ಇಂಟರ್ಮೀಡಿಯೆಟ್ ಶೆರಿಯನ್ನೂ ಮರೆಯಬೇಡಿ. ಸ್ಪಿರಿಟ್ ಮೊದಲು ಬೇರೆ ಪೀಪಾಯಿಯಲ್ಲಿ, ನಡುವೆ ಶೆರಿಯಲ್ಲಿ, ಮತ್ತೆ ಬರ್ಬನ್ ಪೀಪಾಯಿಗೆ, ಹೀಗೆ ಮೂರು ಮನೆ ಸುತ್ತಿ ಬರುತ್ತೆ. ಅದರ ಬಲ ಶೇ. 57.1, ಸರಿಯಾಗಿ ಹಳೆಯ 100 ಪ್ರೂಫ್. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಪೀಪಾಯಿಯಿಂದ ಆವಿಯಾಗಿ ಹೋಗೋದು ಶೇ. 2ರಷ್ಟು. ಬೆಂಗಳೂರಿನಲ್ಲಿ ಶೇ. 10ರಿಂದ 12 ಅಂತ ಅಮೃತ್‌ನವರು ಹೇಳುತ್ತಾರೆ. ಆ ಬಿಸಿಲಿಗೆ ಮರ ಬೇಗ ಬೇಗ ರುಚಿ ಬಿಡುತ್ತೆ. ಅಬೂನಾ ಪಕ್ಕ ಇಟ್ಟು ನೋಡಿದರೆ ಸ್ಕಾಟ್ಲೆಂಡಿನ ಚಳಿ ಎಲ್ಲಿ, ನಮ್ಮ ಸೆಕೆ ಎಲ್ಲಿ ಅಂತ ಮೂಗಿಗೇ ಗೊತ್ತಾಗುತ್ತೆ. ಎರಡೂ ನನಗೆ ಅಷ್ಟೇ ಇಷ್ಟ.

ಕೊನೆಗೆ ಒಂದು ಕೆಲಸ. ಕುಡಿದ ಲೋಟವನ್ನು ಆ ರಾತ್ರಿ ತೊಳೆಯಬೇಡಿ. ಹಾಗೇ ಮೇಜಿನ ಮೇಲೆ ಬಿಡಿ. ಬೆಳಗಾಗುವ ಹೊತ್ತಿಗೆ ಆಲ್ಕೋಹಾಲ್ ಪೂರ್ತಿ ಹೋಗಿರುತ್ತೆ, ತಳದಲ್ಲಿ ಒಂದು ತೆಳು ಕಂದು ಗೆರೆ ಉಳಿದಿರುತ್ತೆ. ಕಾಫಿಗೆ ಮೊದಲು ಆ ಖಾಲಿ ಲೋಟವನ್ನು ಮೂಸಿ. ಓಕ್ ಮರ, ಒಣಗಿದ ಅಂಜೂರ, ಸ್ವಲ್ಪ ಕೋಕೊ. ನಿಮಗೆ ಗಂಧಕ ನಿಜವಾಗಿಯೂ ಇತ್ತೋ ಇಲ್ಲವೋ ಅನ್ನೋದೂ ಆಗ ಸ್ಪಷ್ಟವಾಗುತ್ತೆ. ಏನು ಬಂತು ಅಂತ ಬ್ಯಾಚ್ ನಂಬರ್ ಸಮೇತ ಬರೆದು ತಿಳಿಸಿ.